ಸೋಮವಾರದಿಂದ ಶನಿವಾರಕ್ಕೆ ಮಗು ಏನು ಕಲಿಯಿತು?

ಪ್ರತಿ ವರ್ಷ ಮಳೆ ಹಿಂದೆಗೆಯುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿ ಬದಲಾಗುತ್ತದೆ. ಮೇ ತಿಂಗಳಲ್ಲಿ ಮಗುವನ್ನು ಯಾವ ಶಾಲೆಗೆ ಸೇರಿಸಬೇಕು ಎಂದು ಕೇಳಿದವರೇ ದಸರಾ ರಜೆ ಹತ್ತಿರವಾಗುತ್ತಿದ್ದಂತೆ ಮಗುವಿನ ನೋಟ್‌ಬುಕ್ ಏಕೆ ತುಂಬಿಲ್ಲ ಎಂದು ಕೇಳುತ್ತಾರೆ. ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಿಂದ ಬಂದ ಕೆಲವು ಪತ್ರಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ. ಹೆಚ್ಚಿನ ಪತ್ರಗಳು ಕಲಿಕೆಯನ್ನು ವಾರಕ್ಕೆ ಇಷ್ಟು ಪುಟ ಎಂಬ ಲೆಕ್ಕದಲ್ಲಿ ಅಳೆಯುತ್ತವೆ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳ ವಿಷಯದಲ್ಲಿ ಆ ಲೆಕ್ಕವನ್ನು ನಂಬಲಾಗದು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪ್ರಶ್ನೆ: ನನ್ನ ಮಗಳು ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಒಂದನೆಯ ತರಗತಿಯಲ್ಲಿದ್ದಾಳೆ. ದಸರಾ ಬಂದರೂ ಅವಳಿಗೆ ‘ಅ ಆ ಇ ಈ’ ಬರುವುದಿಲ್ಲ. ಕೇಳಿದರೆ ‘ರ ಗ ಸ’ ಎನ್ನುತ್ತಾಳೆ. ಇಡೀ ವಾರದ ಬರವಣಿಗೆ ಹುಡುಕಿದರೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ತುಂಬಿರುವುದಿಲ್ಲ. ಖಾಸಗಿ ಶಾಲೆಗೆ ಹೋಗುವ ಪಕ್ಕದ ಮನೆಯ ಮಗು ವರ್ಣಮಾಲೆಯನ್ನೆಲ್ಲ ಬರೆಯುತ್ತದೆ. ನಮ್ಮ ಶಾಲೆಯಲ್ಲಿ ಏನನ್ನಾದರೂ ಕಲಿಸುತ್ತಿದ್ದಾರೆಯೇ?
– ಒಬ್ಬ ತಾಯಿ, ಹೊಸನಗರ ತಾಲ್ಲೂಕು

ಉತ್ತರ: ಕಲಿಸುತ್ತಿದ್ದಾರೆ. ಅದಕ್ಕೆ ಸಾಕ್ಷಿ ನಿಮ್ಮ ಪತ್ರದಲ್ಲಿಯೇ ಇದೆ. ಮಗಳು ‘ರ ಗ ಸ’ ಎನ್ನುತ್ತಿದ್ದಾಳೆಂದರೆ ಅವಳ ತರಗತಿ ನಲಿ-ಕಲಿ ಪದ್ಧತಿಯಲ್ಲಿ ನಡೆಯುತ್ತಿದೆ. ಈ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಯಿತು. ಅಲ್ಲಿನ ಶಿಕ್ಷಕರು ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಬೋಧನೆಯನ್ನು ಕಂಡು ಬಂದು, ಯುನಿಸೆಫ್ ನೆರವಿನೊಂದಿಗೆ, ಅದನ್ನು ತಮ್ಮ ಮಕ್ಕಳಿಗೆ ಒಗ್ಗುವಂತೆ ಕನ್ನಡದಲ್ಲಿ ಹೊಸದಾಗಿ ರೂಪಿಸಿದರು. 2009-10ರಿಂದ ಅದು ರಾಜ್ಯದ ಉಳಿದ ಸರ್ಕಾರಿ ಶಾಲೆಗಳಿಗೂ ಬಂತು.

ಇಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸುವುದಿಲ್ಲ. ಮೊದಲ ಗುಂಪು ‘ರ ಗ ಸ ದ ಅ’. ಮುಂದಿನದು ‘ಜ ವ ಮ ಬ ನ’. ಇದು ಮನಸ್ಸಿಗೆ ಬಂದಂತೆ ಮಾಡಿದ ಆಯ್ಕೆಯಲ್ಲ. ಬರೆಯಲು ಕೈಗೆ ಸುಲಭವಾಗಿರುವ, ಒಂದರ ಪಕ್ಕ ಇನ್ನೊಂದನ್ನು ಇಟ್ಟರೆ ಕೂಡಲೇ ಪದವಾಗುವ ಅಕ್ಷರಗಳನ್ನು ಮೊದಲು ತೆಗೆದುಕೊಂಡಿದ್ದಾರೆ. ‘ಅ’ದಿಂದ ‘ಊ’ವರೆಗೆ ಸಾಲಾಗಿ ಕಲಿತ ಮಗುವಿಗೆ ‘ಆ’, ‘ಈ’ ಎಂಬ ಒಂದಕ್ಷರದ ಪದಗಳನ್ನು ಬಿಟ್ಟರೆ ಓದಲು ಏನೂ ಸಿಗುವುದಿಲ್ಲ. ಮೊದಲ ಐದು ಅಕ್ಷರಗಳನ್ನು ಕಲಿತ ನಿಮ್ಮ ಮಗಳಿಗೋ ಸರ, ರಸ, ದರ, ಅರಸ, ಅಗಸ ಎಲ್ಲವೂ ಸಿಗುತ್ತವೆ. ಅವುಗಳಲ್ಲಿ ಮೂರೇ ಅಕ್ಷರ ಬಂದರೂ ಸಾಕು, ‘ಗರಗಸ’ ಓದಬಹುದು. (ಮರ ಕೊಯ್ಯುವುದನ್ನು ನೋಡುತ್ತ ಬೆಳೆಯುವ ಮಲೆನಾಡಿನ ಮಗುವಿಗೆ ಇದಕ್ಕಿಂತ ಪರಿಚಿತವಾದ ಪದ ಬೇಕೆಂದರೂ ಸಿಗಲಿಕ್ಕಿಲ್ಲ.) ಮುಂದಿನ ಐದು ಅಕ್ಷರಗಳು ಸೇರಿದಾಗ ಮರ, ಜನ, ವನ, ಗಮನ, ಬಸವ ಬರುತ್ತವೆ. ಕಾಗುಣಿತ, ಒತ್ತಕ್ಷರಗಳು ಇನ್ನೂ ಆಮೇಲೆ.

ಒಂದು ವಾರ ಹೇಗೆ ಸಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸೋಮವಾರ ‘ಸ’ ಅಕ್ಷರದ ಪಾಠ ಎಂದುಕೊಳ್ಳಿ. ಅಂದು ಶಿಕ್ಷಕಿ ಒಂದು ಚಿತ್ರವನ್ನೋ ಹಾಡನ್ನೋ ಮುಂದಿಟ್ಟು ಮಾತನಾಡಿಸುತ್ತಾರೆ. ಸರ, ಸಂತೆ, ಸಗಣಿ ಎಂದು ಮಕ್ಕಳ ಬಾಯಿಂದಲೇ ಪದಗಳು ಬರುತ್ತವೆ. ಮರುದಿನ ನಿಮ್ಮ ಮಗಳು ಶಿಕ್ಷಕರ ಪೂರ್ಣ ಸಹಾಯ ದೊರೆಯುವ ಗುಂಪಿನಲ್ಲಿ ಕುಳಿತು, ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಾಳೆ. ಬೆರಳು ಎಲ್ಲಿಂದ ಹೊರಟು ಎಲ್ಲಿ ತಿರುಗುತ್ತದೆ ಎಂಬುದನ್ನು ಶಿಕ್ಷಕಿ ಗಮನಿಸುವುದು ಅಲ್ಲಿಯೇ. ಕಾಗದದ ಮೇಲೆ ಮುಗಿದ ಅಕ್ಷರವನ್ನು ನೋಡಿದರೆ ಅದು ತಿಳಿಯುವುದಿಲ್ಲ. ಬುಧವಾರ ಅವಳು ಭಾಗಶಃ ಸಹಾಯದ ಗುಂಪಿಗೆ ಸರಿಯುತ್ತಾಳೆ. ಗೋಡೆಯ ಕೆಳಭಾಗದಲ್ಲಿ ಮಗುವಿನ ಎತ್ತರಕ್ಕೆ ಬಳಿದಿರುವ ಕಪ್ಪುಹಲಗೆಯ ಮೇಲೆ ಬರೆಯುತ್ತಾಳೆ, ಅಳಿಸುತ್ತಾಳೆ, ಮತ್ತೆ ಬರೆಯುತ್ತಾಳೆ. ಗುರುವಾರ ಎರಡನೆಯ ತರಗತಿಯ ಹುಡುಗಿಯೊಬ್ಬಳ ಪಕ್ಕದಲ್ಲಿ ಕುಳಿತು ಕಾರ್ಡುಗಳನ್ನು ಜೋಡಿಸುತ್ತಾಳೆ, ಏಕೆಂದರೆ ಮೂರೂ ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಇರುತ್ತಾರೆ. ಶುಕ್ರವಾರವೋ ಶನಿವಾರವೋ ತಾನೇ ಒಂದು ಕಾರ್ಡನ್ನು ಓದಿ ಮುಗಿಸಿದರೆ, ಗೋಡೆಗೆ ತೂಗುಹಾಕಿದ ಕಲಿಕಾ ಏಣಿಯಲ್ಲಿ (ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಾಗಿ ತೋರಿಸುವ ಪಟ್ಟಿ) ಅವಳು ಒಂದು ಮೆಟ್ಟಿಲು ಮೇಲೇರಿದಂತೆ. ಅದು ಪ್ರತಿ ಮಗು ಎಲ್ಲಿಗೆ ತಲುಪಿದೆ ಎಂದು ಗುರುತಿಸುವ ‘ಪ್ರಗತಿ ನೋಟ’ದಲ್ಲಿ ದಾಖಲಾಗುತ್ತದೆ. ಎಲ್ಲ ಮಕ್ಕಳೂ ಇದೇ ದಿನ ಇದೇ ಮೆಟ್ಟಿಲು ಹತ್ತಬೇಕೆಂದಿಲ್ಲ. ಕೆಲವರಿಗೆ ಮೂರು ದಿನ ಸಾಕಾಗುತ್ತದೆ, ಇನ್ನು ಕೆಲವರಿಗೆ ಎರಡು ವಾರ ಬೇಕಾಗುತ್ತದೆ.

ಇಷ್ಟೆಲ್ಲ ಬರವಣಿಗೆ ಮರಳಿನಲ್ಲಿ, ಸ್ಲೇಟಿನಲ್ಲಿ, ಗೋಡೆಯಲ್ಲಿ ನಡೆದು ಅಲ್ಲಿಯೇ ಅಳಿಸಿಹೋಗುತ್ತದೆ. ನೋಟ್‌ಬುಕ್ ಖಾಲಿ ಕಾಣುವುದು ಅದಕ್ಕಾಗಿ. ಒಂದೇ ಅಕ್ಷರ ವಾರದಲ್ಲಿ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುವುದನ್ನು ಕಾಲಹರಣ ಎಂದು ತಿಳಿಯಬೇಡಿ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಾಂಶಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಸಮಯದಲ್ಲಿ ಎಷ್ಟು ಮರೆತುಹೋಗುತ್ತದೆ ಎಂದು ಅಳೆದು, 1885ರಲ್ಲಿ ಪ್ರಕಟಿಸಿದರು. ಕಲಿತ ಮೊದಲ ಕೆಲವು ಗಂಟೆಗಳಲ್ಲಿ ಮರೆವು ತೀವ್ರವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ. ಒಂದೇ ದಿನ ಒತ್ತಿ ಮಾಡಿದ ಅಭ್ಯಾಸಕ್ಕಿಂತ ಬಿಡುವು ಕೊಟ್ಟು ಹಲವು ದಿನಗಳಿಗೆ ಹಂಚಿದ ಅಭ್ಯಾಸ ಹೆಚ್ಚು ಕಾಲ ಉಳಿಯುತ್ತದೆ. ಒಂದೇ ಸಂಜೆ ‘ಸ’ವನ್ನು ನೂರು ಸಲ ಬರೆಸುವುದಕ್ಕಿಂತ ಆರು ದಿನ ಐದೈದು ಸಲ ಬರೆಸುವುದೇ ಮೇಲು.

ಪಕ್ಕದ ಮನೆಯ ಮಗು 49 ಅಕ್ಷರಗಳನ್ನೂ ಸಾಲಾಗಿ ಬರೆಯುತ್ತಿರಬಹುದು. ನಡುವಿನ ಒಂದು ಅಕ್ಷರವನ್ನು ಮಾತ್ರ ತೋರಿಸಿದಾಗ ಅದು ಯಾವುದೆಂದು ಹೇಳಲು ಮತ್ತೆ ಮೊದಲಿನಿಂದ ಸಾಲು ಒಪ್ಪಿಸಬೇಕಾಗುತ್ತದೆಯಾದರೆ, ಆ ಮಗುವಿಗೆ ಬಂದಿರುವುದು ಸಾಲು ಮಾತ್ರ. ಇದನ್ನು ಅವರ ಮನೆಗೆ ಹೋಗಿ ಪರೀಕ್ಷಿಸಬೇಕಾಗಿಲ್ಲ. ನೆರೆಹೊರೆಯ ಸ್ನೇಹ ವರ್ಣಮಾಲೆಗಿಂತ ದೊಡ್ಡದು. ನಿಮ್ಮ ಮಗಳಿಗೆ ಅವಳು ಕಲಿತ ಅಕ್ಷರಗಳಿಂದಲೇ ಆದ, ಆದರೆ ಶಾಲೆಯಲ್ಲಿ ನೋಡಿರದ ಒಂದು ಪದವನ್ನು ಶನಿವಾರ ಸಂಜೆ ಬರೆದು ತೋರಿಸಿ. ಓದಿದರೆ ವಾರ ಸಾರ್ಥಕ. ಓದದಿದ್ದರೆ ಯಾವ ಅಕ್ಷರದಲ್ಲಿ ತಡೆದಳು ಎಂಬುದನ್ನು ಸೋಮವಾರ ಶಿಕ್ಷಕಿಗೆ ತಿಳಿಸಿ. ಇಷ್ಟು ಖಚಿತವಾಗಿ ಹೇಳುವ ಪಾಲಕರು ಅಪರೂಪವಾದ್ದರಿಂದ ಅವರಿಗೆ ಸಂತೋಷವೇ ಆದೀತು.

ಪ್ರಶ್ನೆ: ಎರಡನೆಯ ತರಗತಿಯ ಮೊಮ್ಮಗ ನೂರರವರೆಗೆ ತಡೆಯಿಲ್ಲದೆ ಎಣಿಸುತ್ತಾನೆ, ಮಗ್ಗಿಯನ್ನೂ ಹೇಳುತ್ತಾನೆ. ಆದರೆ ‘ಇಪ್ಪತ್ತಮೂರು’ ಬರೆ ಎಂದರೆ 203 ಎಂದು ಬರೆಯುತ್ತಾನೆ. ಶಾಲೆಯಲ್ಲಿ ವಾರವಿಡೀ ಕಡ್ಡಿ ಕಟ್ಟಿಸಿ ಆಟವಾಡಿಸುತ್ತಾರಂತೆ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ.
– ಒಬ್ಬ ಅಜ್ಜ, ಸಾಗರ ತಾಲ್ಲೂಕು

ಉತ್ತರ: ತಮ್ಮ ಕಾಲದಲ್ಲಿಯೂ ಮಕ್ಕಳು 203 ಎಂದು ಬರೆಯುತ್ತಿದ್ದರು, ಆಗ ಬೆತ್ತದ ಭಯಕ್ಕೆ ಬೇಗ ಅಳಿಸುತ್ತಿದ್ದರು, ಅಷ್ಟೇ. ಮೊಮ್ಮಗನ ತಪ್ಪಿನ ಹಿಂದೆ ಒಂದು ತರ್ಕವಿದೆ. ಅವನು ಕಿವಿಗೆ ಕೇಳಿದ್ದನ್ನು ನಿಷ್ಠೆಯಿಂದ ಬರೆದಿದ್ದಾನೆ: ಇಪ್ಪತ್ತು ಎಂದರೆ 20, ಅದರ ಮುಂದೆ ಮೂರು, ಆಯಿತು 203. ಬಲಗಡೆಯ ಸೊನ್ನೆಯ ಜಾಗದಲ್ಲಿಯೇ 3 ಕುಳಿತುಕೊಳ್ಳಬೇಕು, ಎಡಗಡೆಯ 2 ತಾನು ಕುಳಿತ ಸ್ಥಾನದ ಬಲದಿಂದಲೇ ಇಪ್ಪತ್ತಾಗುತ್ತದೆ ಎಂಬುದು ಕಿವಿಗೆ ಕೇಳಿಸುವ ಸಂಗತಿಯಲ್ಲ. ಅದನ್ನು ಕಣ್ಣಿಗೂ ಕೈಗೂ ಕಾಣಿಸಬೇಕು. ಕಡ್ಡಿ ಕಟ್ಟಿಸುವುದು ಅದಕ್ಕೆ.

ಹತ್ತು ಕಡ್ಡಿ ಸೇರಿದ ಕೂಡಲೇ ಒಂದು ಕಂತೆ ಕಟ್ಟುವುದು, ಕಂತೆಗಳನ್ನು ಎಡಕ್ಕೆ, ಬಿಡಿ ಕಡ್ಡಿಗಳನ್ನು ಬಲಕ್ಕೆ ಇಡುವುದು, ಇಟ್ಟದ್ದನ್ನು ಅಂಕಿಯಲ್ಲಿ ಬರೆಯುವುದು – ವಾರದ ಮೊದಲ ಭಾಗ ಇದರಲ್ಲಿ ಕಳೆಯುತ್ತದೆ. ನಿಜವಾದ ಕಲಿಕೆ ನಡೆಯುವುದು ಕಳೆಯುವ ಲೆಕ್ಕದ ದಿನ. ಮಗುವಿನ ಮುಂದೆ ಮೂರು ಕಂತೆ, ಎರಡು ಬಿಡಿ ಕಡ್ಡಿ, ಅಂದರೆ 32 ಇವೆ. ಏಳು ಕಡ್ಡಿ ಕೊಡು ಎಂದು ಶಿಕ್ಷಕರು ಕೇಳುತ್ತಾರೆ. ಮಗು ಎರಡು ಕೊಟ್ಟು ನಿಲ್ಲುತ್ತದೆ. ಕಂತೆಯನ್ನು ನೋಡುತ್ತದೆ, ಶಿಕ್ಷಕರ ಮುಖ ನೋಡುತ್ತದೆ. ಅವರು ಒಂದು ಮಾತೂ ಆಡದೆ ಕಾದರೆ, ಸ್ವಲ್ಪ ಹೊತ್ತಿನಲ್ಲಿ ಮಗುವೇ ಒಂದು ಕಂತೆಯ ರಬ್ಬರ್ ಬ್ಯಾಂಡ್ ಬಿಚ್ಚಿ ಐದು ಕಡ್ಡಿ ಎಳೆದುಕೊಡುತ್ತದೆ. ಎರಡು ಕಂತೆ, ಐದು ಬಿಡಿ ಉಳಿಯುತ್ತವೆ. ‘ಪಕ್ಕದ ಮನೆಯಿಂದ ಸಾಲ ತೆಗೆದುಕೋ’ ಎಂದು ನಾವೆಲ್ಲ ಅರ್ಥವಾಗದೆ ಮಾಡುತ್ತಿದ್ದ ಕ್ರಿಯೆ ಇದೇ. ಹಾಗೆ ತಾನೇ ಕಂತೆ ಬಿಚ್ಚಿದ ಮಗು 203ರ ತಪ್ಪನ್ನು ಹೆಚ್ಚು ದಿನ ಮಾಡುವುದಿಲ್ಲ.

ಸಂಖ್ಯೆಗಳ ಹೆಸರಿನ ವಿಷಯದಲ್ಲಿ ಕನ್ನಡದ ಮಕ್ಕಳು ಅದೃಷ್ಟವಂತರೇ. ಇಪ್ಪತ್ತರ ಮೇಲೆ ನಮ್ಮ ಹೆಸರುಗಳು ಹತ್ತುಗಳನ್ನು ಮೊದಲು, ಬಿಡಿಯನ್ನು ಆಮೇಲೆ ಹೇಳುತ್ತವೆ. ಹಿಂದಿಯ ಮಗುವಾದರೋ ನೂರರವರೆಗಿನ ಹೆಸರುಗಳಲ್ಲಿ ಬಹುಪಾಲನ್ನು ಬಿಡಿಬಿಡಿಯಾಗಿ ನೆನಪಿಟ್ಟುಕೊಳ್ಳಬೇಕು. ಮಗ್ಗಿಗೆ ನಮ್ಮ ವಿರೋಧವಿಲ್ಲ. ಅದು ಬೇಕೇ ಬೇಕು, ಆದರೆ ಕಂತೆಯ ತಿಳಿವಳಿಕೆಯ ಬೆನ್ನಿಗೆ ಬರಬೇಕು. ತಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಕಾಲ ಬಂದಾಗ ಮೊಮ್ಮಗನಿಗೆ ಒಂದು ಹಿಡಿ ಅಡಿಕೆ ಕೊಟ್ಟು, ಪ್ರತಿ ತೆಂಗಿನ ಕರಟಕ್ಕೆ ಹತ್ತರಂತೆ ಹಾಕಿ ಒಟ್ಟು ಎಷ್ಟೆಂದು ಕೇಳಿ. ಒಂದೊಂದೇ ಎಣಿಸದೆ ಕರಟಗಳನ್ನು ಎಣಿಸಿ ಉತ್ತರ ಹೇಳಿದ ದಿನ ಚಿಂತೆ ಬಿಟ್ಟುಬಿಡಿ.

ಪ್ರಶ್ನೆ: ನಮ್ಮದು ಘಟ್ಟದ ಅಂಚಿನ ಶಾಲೆ. ಮಳೆಗಾಲದಲ್ಲಿ ಆರು ದಿನದ ವಾರ ಎಂಬುದೇ ಇರುವುದಿಲ್ಲ. ರಜೆ ಘೋಷಣೆಯಾಗುತ್ತದೆ, ಇಲ್ಲವಾದರೆ ಹಳ್ಳ ತುಂಬಿ ಅರ್ಧ ಮಕ್ಕಳು ಬರುವುದಿಲ್ಲ. ಆಮೇಲೆ ಶನಿವಾರದ ಮಧ್ಯಾಹ್ನ ತರಗತಿ ನಡೆಸಿ ಸರಿದೂಗಿಸುತ್ತೇವೆ. ಪಾಠಯೋಜನೆ ಸದಾ ಹಿಂದೆ ಬೀಳುತ್ತದೆ. ಏನು ಮಾಡಬೇಕು?
– ಒಬ್ಬ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಕಷ್ಟ ಬಯಲುಸೀಮೆಯಲ್ಲಿ ಕುಳಿತು ವೇಳಾಪಟ್ಟಿ ಬರೆಯುವವರಿಗೆ ಅರ್ಥವಾಗುವುದು ಕಷ್ಟ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆ ನಿಮ್ಮ ತಾಲ್ಲೂಕಿನಲ್ಲಿಯೇ ಇದೆ. ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳನ್ನೂ 800 ಬೋಧನಾ ಗಂಟೆಗಳನ್ನೂ ನಿಗದಿಪಡಿಸಿದೆ. ಅದನ್ನು ಮುಟ್ಟಲು ಸರಿದೂಗಿಸುವ ತರಗತಿ ಅನಿವಾರ್ಯ. ಆದರೆ ಮುರಿದ ವಾರದಲ್ಲಿ ಹೆಚ್ಚಿನ ಶಿಕ್ಷಕರು ಒಂದು ಕೆಲಸ ಮಾಡುತ್ತಾರೆ, ಅದನ್ನು ಮಾಡಬೇಡಿ: ಪುನರಾವರ್ತನೆಯನ್ನು ಕೈಬಿಟ್ಟು ಹೊಸ ಪಾಠವನ್ನು ಓಡಿಸುವುದು. ಮೂರೇ ದಿನ ಸಿಕ್ಕಿತೆಂದರೆ ಮೊದಲ ದಿನ ಹಿಂದಿನ ವಾರದ್ದನ್ನು ಮತ್ತೆ ಎತ್ತಿಕೊಳ್ಳಿ, ಎರಡನೆಯ ದಿನ ಹೊಸದನ್ನು ಸ್ವಲ್ಪವೇ ಕೊಡಿ, ಮೂರನೆಯ ದಿನ ಎರಡನ್ನೂ ಬೆರೆಸಿ ಬಳಸಲು ಬಿಡಿ. ಯೋಜನೆ ಹಿಂದೆ ಬಿದ್ದರೆ ನವೆಂಬರಿನ ನಂತರದ ಒಣ ತಿಂಗಳುಗಳಲ್ಲಿ ಹಿಡಿದುಕೊಳ್ಳಬಹುದು. ಜುಲೈನಲ್ಲಿ ಅರೆಬರೆಯಾಗಿ ಓಡಿಸಿದ ಪಾಠವನ್ನಾದರೋ ನವೆಂಬರಿನಲ್ಲಿ ಮತ್ತೆ ಮೊದಲಿನಿಂದ ಕಲಿಸಬೇಕಾಗುತ್ತದೆ. ಕಾಲುಸಂಕ ದಾಟಿ ಬರಬೇಕಾದ ಮಕ್ಕಳ ವಿಷಯದಲ್ಲಿ ನಲಿ-ಕಲಿಯ ಏಣಿ ಅನುಕೂಲವೇ ಆಗಿದೆ. ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು.

ಇನ್ನೊಂದು ಮಾತು. ಮಳೆಯನ್ನೇ ಆ ವಾರದ ಪಾಠ ಮಾಡಿಕೊಳ್ಳಿ. ನಲಿ-ಕಲಿ ಕೋಣೆಯಲ್ಲಿ ಹವಾಮಾನ ನಕ್ಷೆ ಹೇಗೂ ಇರುತ್ತದೆ. ದಿನವೂ ‘ಮಳೆ’ ಎಂಬ ಒಂದೇ ಗುರುತು ಹಾಕಿ ಮಕ್ಕಳಿಗೂ ಬೇಸರ ಬಂದಿರುತ್ತದೆ. ಬದಿ ನೇರವಾಗಿರುವ ಒಂದು ಪ್ಲಾಸ್ಟಿಕ್ ಬಾಟಲಿಯ ಕತ್ತಿನ ಭಾಗವನ್ನು ಕತ್ತರಿಸಿ, ಅದನ್ನು ತಲೆಕೆಳಗು ಮಾಡಿ ಆಲಿಕೆಯಂತೆ ಬಾಟಲಿಯೊಳಗೆ ಕೂರಿಸಿ. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಕೆಳಗೆ ಸಣ್ಣ ಕಲ್ಲುಗಳನ್ನು ಹಾಕಿ, ಅವು ಮುಳುಗಿ ಬದಿ ನೇರವಾಗುವ ಮಟ್ಟದವರೆಗೆ ನೀರು ತುಂಬಿ, ಅಲ್ಲಿ ಸೊನ್ನೆಯ ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಒಂದು ಸ್ಕೇಲು ಅಂಟಿಸಿ, ಮಾಡಿನ ನೀರೂ ಮರದ ಹನಿಯೂ ಬೀಳದ ಜಾಗದಲ್ಲಿ ಗಾಳಿಗೆ ಉರುಳದಂತೆ ನಿಲ್ಲಿಸಿ. ಪ್ರತಿದಿನ ಪ್ರಾರ್ಥನೆಯ ಹೊತ್ತಿಗೆ ಒಂದು ಮಗು ಹೋಗಿ ಓದಿ ಬರೆದಿಟ್ಟು, ನೀರನ್ನು ಮತ್ತೆ ಸೊನ್ನೆಯ ಗೆರೆಗೆ ಇಳಿಸಬೇಕು. ನಿಮ್ಮ ಊರಿನ ಮಳೆಗೆ ಬಾಟಲಿ ಚಿಕ್ಕದಾದರೆ ಸಂಜೆಯೂ ಒಮ್ಮೆ ಓದಿಸಿ ಎರಡನ್ನೂ ಕೂಡಿಸಿ. ಕೂಡುವ ಲೆಕ್ಕಕ್ಕೂ ಅದು ಒದಗುತ್ತದೆ. ಬಾಟಲಿ ಅಗಲವಾಗಿದ್ದರೂ ಕಿರಿದಾಗಿದ್ದರೂ, ಬಾಯಿಯೂ ಒಡಲೂ ಒಂದೇ ಅಗಲವಿರುವವರೆಗೆ, ನೀರಿನ ಎತ್ತರ ಒಂದೇ ಆಗಿರುತ್ತದೆ ಎಂಬುದನ್ನು ಎರಡು ಬಾಟಲಿ ಇಟ್ಟು ತೋರಿಸಿದರೆ ದೊಡ್ಡವರೂ ಬೆರಗಾಗುತ್ತಾರೆ. ಹವಾಮಾನ ಇಲಾಖೆಯ ದಿನದ ಲೆಕ್ಕ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗಿನದು, ಪತ್ರಿಕೆಯಲ್ಲಿ ಬರುವ ಅಂಕಿಗೂ ನಿಮ್ಮ ಬಾಟಲಿಯ ಅಂಕಿಗೂ ವ್ಯತ್ಯಾಸ ಏಕೆ ಬಂತು ಎಂಬ ಚರ್ಚೆ ಮೇಲಿನ ತರಗತಿಯವರಿಗೆ ಇರಲಿ. ರಜೆಯ ದಿನಗಳಲ್ಲಿ ಮನೆಯಂಗಳದಲ್ಲಿ ಅಳೆದು ಬರೆದು ತರುವ ಕೆಲಸವನ್ನು ಮೂರನೆಯ ತರಗತಿಯವರಿಗೆ ವಹಿಸಿದರೆ, ಮುರಿದ ವಾರವೂ ಒಂದು ಎಳೆಯಲ್ಲಿ ಉಳಿಯುತ್ತದೆ.

ಪ್ರಶ್ನೆ: ಎರಡನೆಯ ತರಗತಿಯ ಮಗನಿಗೆ ದಿನವೂ ಒಂದು ಗಂಟೆಗೂ ಮೀರಿದ ಹೋಮ್‌ವರ್ಕ್ ಕೊಡುತ್ತಾರೆ. ಬ್ಯಾಗನ್ನು ಅವನಿಂದ ಎತ್ತಲಾಗುವುದಿಲ್ಲ. ಕೇಳಿದರೆ ‘ಪೋಷಕರೇ ಬಯಸುತ್ತಾರೆ’ ಎಂಬ ಉತ್ತರ ಬರುತ್ತದೆ.
– ಒಬ್ಬ ತಾಯಿ, ಶಿವಮೊಗ್ಗ ನಗರ

ಉತ್ತರ: 2019ರಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಆದೇಶದ ಪ್ರಕಾರ ಒಂದು ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ಹೋಮ್‌ವರ್ಕ್ ಕೊಡುವಂತಿಲ್ಲ, ಅವರ ಬ್ಯಾಗಿನ ತೂಕ 1.5ರಿಂದ 2 ಕಿಲೋಗ್ರಾಂ ಒಳಗಿರಬೇಕು. ‘ಪೋಷಕರೇ ಬಯಸುತ್ತಾರೆ’ ಎಂಬ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದ್ದರಿಂದ ಒಬ್ಬರೇ ದೂರು ಕೊಡುವ ಬದಲು ಅದೇ ತರಗತಿಯ ಕೆಲವು ಪೋಷಕರು ಒಟ್ಟಾಗಿ, ನಮಗೆ ಇದು ಬೇಡ ಎಂದು ಲಿಖಿತವಾಗಿ ಕೊಡಿ. ಉಳಿದ ಸಂಜೆಯಲ್ಲಿ ಮಗ ಆಡಲಿ.

ಪ್ರಶ್ನೆ: ನಮ್ಮ ಮನೆಮಾತು ಲಂಬಾಣಿ. ಮಗಳು ತಾಂಡಾದಲ್ಲಿ ಎಲ್ಲರಿಗಿಂತ ಹೆಚ್ಚು ಮಾತನಾಡುತ್ತಾಳೆ, ಶಾಲೆಯಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ದಡ್ಡಿಯಾಗಿಬಿಡುತ್ತಾಳೋ ಎಂಬ ಹೆದರಿಕೆ. ಮನೆಯಲ್ಲಿಯೂ ಕನ್ನಡವನ್ನೇ ಮಾತನಾಡಬೇಕೇ?
– ಒಬ್ಬ ತಂದೆ, ಶಿಕಾರಿಪುರ ತಾಲ್ಲೂಕು

ಉತ್ತರ: ಮನೆಯ ಮಾತನ್ನು ಬದಲಿಸಬೇಡಿ. ಹೊಸ ಭಾಷೆಯ ತರಗತಿಗೆ ಬಂದ ಮಗು ಮೊದಲ ಕೆಲವು ವಾರ, ಕೆಲವೊಮ್ಮೆ ತಿಂಗಳುಗಳ ಕಾಲ, ಕೇಳಿಸಿಕೊಳ್ಳುತ್ತ ಮಾತ್ರ ಇರುವುದು ಸಾಮಾನ್ಯ. ಆ ಮೌನದಲ್ಲಿಯೂ ಅದು ಕಲಿಯುತ್ತಿರುತ್ತದೆ. ‘ಬಾಗಿಲು ಹಾಕು’, ‘ಕೆಂಪು ಕಾರ್ಡು ತಾ’ ಎಂದಾಗ ತಪ್ಪದೆ ಮಾಡುತ್ತಾಳೆಯೇ ಎಂದು ಶಿಕ್ಷಕರನ್ನು ಕೇಳಿ. ಮಾಡುತ್ತಾಳಾದರೆ ಕನ್ನಡ ಒಳಗೆ ಇಳಿಯುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮಗುವಿನ ಮನೆಮಾತಿನಲ್ಲಿಯೋ ಸ್ಥಳೀಯ ಭಾಷೆಯಲ್ಲಿಯೋ ಕಲಿಸಬೇಕೆನ್ನುತ್ತದೆ. ಪೂರ್ತಿ ಲಂಬಾಣಿಯಲ್ಲಿ ಪಾಠ ನಡೆಯುವುದು ಸದ್ಯಕ್ಕೆ ದೂರದ ಮಾತು. ಆದರೆ ಶಿಕ್ಷಕರು ‘ಯಾಡಿ’ (ತಾಯಿ), ‘ಪಾಣಿ’ (ನೀರು) ಇಂಥ ಹತ್ತಿಪ್ಪತ್ತು ಪದಗಳನ್ನು ಕಲಿತು ಬಳಸುವುದು, ತಾಂಡಾದ ಹಿರಿಯ ಮಗುವೊಂದನ್ನು ಗುಂಪಿನಲ್ಲಿ ಅವಳ ಪಕ್ಕ ಕೂರಿಸುವುದು ನಾಳೆಯೇ ಆಗಬಹುದಾದ ಕೆಲಸ. ‘ದಡ್ಡಿ’ ಎಂಬ ಶಬ್ದವನ್ನು ಅವಳ ಎದುರಿಗೆ ಆಡಬೇಡಿ; ಅದನ್ನು ಯಾವ ಭಾಷೆಯಲ್ಲಿ ಹೇಳಿದರೂ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ಪ್ರಶ್ನೆ: ಈ ವರ್ಷ ನನ್ನನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ಆರಿಸಿದ್ದಾರೆ. ನಾನು ಹೆಚ್ಚು ಓದಿದವನಲ್ಲ. ಶಾಲೆಗೆ ಹೋದರೆ ಏನನ್ನು ನೋಡಬೇಕು?
– ಒಬ್ಬ ಸದಸ್ಯ, ಸೊರಬ ತಾಲ್ಲೂಕು

ಉತ್ತರ: ಕಾಂಪೌಂಡು, ಶೌಚಾಲಯ, ಬಿಸಿಯೂಟಗಳನ್ನು ಹೇಗೂ ನೋಡುತ್ತೀರಿ. ಸಮಿತಿಗಳ ಸಭೆ ಸಾಮಾನ್ಯವಾಗಿ ಅಲ್ಲಿಯೇ ಮುಗಿದುಹೋಗುತ್ತದೆ. ಆದರೆ ಕಲಿಕೆಯನ್ನು ನೋಡಲು ನೀವು ಹೆಚ್ಚು ಓದಿರಬೇಕಾಗಿಲ್ಲ. ಶನಿವಾರ ಬೆಳಗಿನ ಶಾಲೆಗೆ ಹೋಗಿ ಹಿಂದಿನ ಸಾಲಿನಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಿ. ಪ್ರಶ್ನೆ ಕೇಳಬೇಡಿ, ಮಕ್ಕಳು ಬೆದರುತ್ತಾರೆ. ತರಗತಿಯಲ್ಲಿ ಮಾತನಾಡುತ್ತಿರುವವರು ಶಿಕ್ಷಕರು ಮಾತ್ರವೇ, ಮಕ್ಕಳೂ ಮಾತನಾಡುತ್ತಿದ್ದಾರೆಯೇ ಎಂಬುದನ್ನು ಗಮನಿಸಿ. ಶಿಕ್ಷಕರ ಎಷ್ಟು ಹೊತ್ತು ಮೊಬೈಲಿನಲ್ಲಿ ಮಾಹಿತಿ ತುಂಬುವುದಕ್ಕೆ ಹೋಗುತ್ತಿದೆ ಎಂಬುದನ್ನೂ ನೋಡಿ. ಅದು ಅವರ ತಪ್ಪಲ್ಲ, ಆದರೆ ಸಮಿತಿ ಮೇಲಿನವರಿಗೆ ಪತ್ರ ಬರೆಯಬಹುದಾದ ವಿಷಯ. ತರಗತಿ ಮುಗಿದ ಮೇಲೆ ಪ್ರಗತಿ ನೋಟವನ್ನು ಕೇಳಿ, ಎರಡು ವಾರಗಳಿಂದ ಏಣಿಯ ಒಂದೇ ಮೆಟ್ಟಿಲಿನಲ್ಲಿ ನಿಂತಿರುವ ಮಕ್ಕಳು ಯಾರೆಂದು ತಿಳಿದುಕೊಳ್ಳಿ. ಆ ಹೆಸರುಗಳನ್ನು ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದರೆ, ಯಾವ ಮಗುವಿಗೆ ಪಾಠ ಬೇಕು, ಯಾವ ಮಗುವಿಗೆ ಮೊದಲು ಶಾಲೆಗೆ ಬರುವ ದಾರಿ ಬೇಕು ಎಂಬುದು ತಿಳಿಯುತ್ತದೆ. ಎರಡನೆಯದು ನಿಮ್ಮ ಸಮಿತಿಯ ಕೆಲಸ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಅವರಲ್ಲಿ ಕೂಲಿಗೆ ಹೋಗುವ ತಾಯಂದಿರೂ ಬರುವಂತೆ ಮುಂದಿನ ಸಭೆಯ ಹೊತ್ತನ್ನು ಅವರನ್ನೇ ಕೇಳಿ ಗೊತ್ತುಮಾಡಿ.